ಸರ್ಕಾರಿ ಆಸ್ಪತ್ರೆಯ ವಿಷಯದಲ್ಲಿ ಶಾಸಕರು ಪತ್ರ ಬರೆಯುವುದಕ್ಕಿಂತ ಹೆಚ್ಚಿನದೇನಾದರೂ ಮಾಡಬಲ್ಲರೇ?

ನೀವು ಎರಡು ವಿಷಯಗಳನ್ನು ಕೇಳಿದ್ದೀರಿ. ತಂದೆಯವರ ಹೃದಯ ಶಸ್ತ್ರಚಿಕಿತ್ಸೆಯ ನೆರವಿಗಾಗಿ ಶಾಸಕರ ಬಳಿ ಹೋದರೆ ಪ್ರಯೋಜನವಿದೆಯೇ ಎಂಬುದು ಒಂದು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಬಹುಕಾಲದಿಂದ ಖಾಲಿ ಬಿದ್ದಿರುವ ಅರಿವಳಿಕೆ ತಜ್ಞರ ಹುದ್ದೆಯ ಬಗ್ಗೆ ಅವರು ಪತ್ರ ಬರೆಯುವುದನ್ನು ಬಿಟ್ಟು ಬೇರೇನಾದರೂ ಮಾಡಬಲ್ಲರೇ ಎಂಬುದು ಇನ್ನೊಂದು. ನಾನು ಕೆಲವು ವರ್ಷ ಕರ್ನಾಟಕದ ಶಾಸಕರೊಬ್ಬರ ಕ್ಷೇತ್ರ ಕಚೇರಿಯಲ್ಲಿ ಆರೋಗ್ಯ ಸಂಬಂಧಿ ಅಹವಾಲುಗಳನ್ನು ನೋಡಿಕೊಳ್ಳುತ್ತಿದ್ದವನು. ನನ್ನ ಅನುಭವದಲ್ಲಿ ಮೊದಲನೆಯದಕ್ಕೆ ಶಾಸಕರಿಗಿಂತ ಸರಿಯಾದ ಕಾಗದಪತ್ರಗಳೇ ಮುಖ್ಯ; ಎರಡನೆಯದಕ್ಕೆ ಶಾಸಕರಷ್ಟು ಅನುಕೂಲವಾದ ಸ್ಥಾನದಲ್ಲಿ ಕ್ಷೇತ್ರದಲ್ಲಿ ಬೇರೆ ಯಾರೂ ಇಲ್ಲ. ಜನರು ಸಾಮಾನ್ಯವಾಗಿ ಇದನ್ನು ತಿರುಗಾಮುರುಗಾ ತಿಳಿದಿರುತ್ತಾರೆ.

ತಂದೆಯವರ ವಿಷಯ ಮೊದಲು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆ ನಿಗದಿಪಡಿಸಿದ ದರ) ಶೇ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯೊಳಗೆ, ಸರ್ಕಾರ ಭರಿಸುತ್ತದೆ. ಇದನ್ನು ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ತುರ್ತು ಸಂದರ್ಭಗಳನ್ನು ಬಿಟ್ಟರೆ, ಖಾಸಗಿ ಆಸ್ಪತ್ರೆಯಲ್ಲಿ ಈ ಸೌಲಭ್ಯ ಪಡೆಯಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಶಾಸಕರ ಶಿಫಾರಸು ಪತ್ರ ಈ ರೆಫರಲ್‌ಗೆ ಬದಲಿಯಾಗುವುದಿಲ್ಲ. ಹಾಗಿದ್ದರೂ ಪತ್ರವೊಂದಿದ್ದರೆ ಸಾಕೆಂದು ನಂಬಿ ನೇರವಾಗಿ ದೊಡ್ಡ ಆಸ್ಪತ್ರೆಗೆ ದಾಖಲಾಗಿ, ಮುಂಗಡ ಕಟ್ಟಿ, ಆಮೇಲೆ ನಮ್ಮ ಕಚೇರಿಗೆ ಬಿಲ್ಲು ಹಿಡಿದು ಬರುತ್ತಿದ್ದ ಕುಟುಂಬಗಳು ಕಡಿಮೆ ಇರಲಿಲ್ಲ. ಆ ಹಂತದಲ್ಲಿ ಉಳಿಯುವುದು ಮುಖ್ಯಮಂತ್ರಿಗಳ ಪರಿಹಾರ ನಿಧಿ. ಅದು ಹಕ್ಕಲ್ಲ, ವಿವೇಚನೆಗೆ ಬಿಟ್ಟ ನೆರವು, ಮತ್ತು ಬರುವ ಮೊತ್ತ ಬಿಲ್ಲಿನ ಒಂದು ಪಾಲು ಮಾತ್ರ ಆಗಿರಬಹುದು. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಯೋಜನೆಯಲ್ಲಿ ನೋಂದಾಯಿಸಿಕೊಂಡಿದ್ದೀರಾ ಎಂಬುದನ್ನೂ ನೋಡಿಕೊಳ್ಳಿ.

ಶಾಸಕರ ಕಚೇರಿ ಉಪಯೋಗಕ್ಕೆ ಬರುವುದು ಪ್ರಕ್ರಿಯೆ ಎಲ್ಲೋ ಸಿಕ್ಕಿಹಾಕಿಕೊಂಡಾಗ. ಟ್ರಸ್ಟಿನ ಪೂರ್ವಾನುಮತಿ ಬಾರದೆ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗುತ್ತಿದ್ದರೆ, ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾಗಿದ್ದರೆ, ಯೋಜನೆಯಡಿ ದಾಖಲಾದ ರೋಗಿಯಿಂದಲೂ ಆಸ್ಪತ್ರೆ ಹಣ ಕೇಳುತ್ತಿದ್ದರೆ, ಸರಿಯಾದ ಅಧಿಕಾರಿಗೆ ಹೋಗುವ ಒಂದು ದೂರವಾಣಿ ಕರೆ ಪತ್ರಕ್ಕಿಂತ ಬೇಗ ಕೆಲಸ ಮಾಡುತ್ತದೆ. ಹೋಗುವಾಗ ರೆಫರಲ್ ಚೀಟಿ, ಕಾರ್ಡಿನ ಪ್ರತಿ ಮತ್ತು ಆಸ್ಪತ್ರೆಯ ಆರೋಗ್ಯ ಮಿತ್ರ (ಯೋಜನೆಯ ರೋಗಿಗಳಿಗೆ ನೆರವಾಗುವ ಸಿಬ್ಬಂದಿ) ನಿಮಗೆ ಹೇಳಿದ್ದೇನು ಎಂಬುದರ ಟಿಪ್ಪಣಿ ಜೊತೆಗಿರಲಿ. ಆಪ್ತ ಸಹಾಯಕರು ಮೊದಲು ಕೇಳುವುದೇ ಅದನ್ನು.

ಪತ್ರಗಳ ಬಗ್ಗೆ ಒಂದು ಮಾತು. ಬಹುತೇಕ ಶಿಫಾರಸು ಪತ್ರಗಳು ‘ನಿಯಮಾನುಸಾರ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳುವುದು’ ಎಂದು ಮುಗಿಯುತ್ತವೆ. ಅಂಥ ಪತ್ರ ಕೇಳಿದವರೆಲ್ಲರಿಗೂ ಸಿಗುತ್ತದೆ ಎಂಬುದು ಅಧಿಕಾರಿಗೂ ಗೊತ್ತು, ಆದ್ದರಿಂದ ಅದು ಕಡತಕ್ಕೆ ಸೇರಿ ಅಲ್ಲಿಯೇ ಉಳಿಯುತ್ತದೆ. ಪತ್ರ ನಿರಾಕರಿಸಿದರೆ ಮತದಾರ ಮುನಿಯುತ್ತಾನೆ, ಕೊಟ್ಟರೆ ಖರ್ಚಿಲ್ಲ. ಹಾಗಾಗಿ ಈ ಪದ್ಧತಿ ನಿಲ್ಲುವುದಿಲ್ಲ.

ಅರಿವಳಿಕೆ ತಜ್ಞರ ಹುದ್ದೆಯ ವಿಷಯ ಬೇರೆ. ಆ ಒಬ್ಬರಿಲ್ಲದಿದ್ದರೆ ಪ್ರಸೂತಿ ತಜ್ಞರಿದ್ದೂ ರಾತ್ರಿ ಬಂದ ಗರ್ಭಿಣಿಗೆ ಸಿಸೇರಿಯನ್ ಮಾಡಲಾಗುವುದಿಲ್ಲ, ಶಸ್ತ್ರಚಿಕಿತ್ಸಾ ಕೊಠಡಿ ಬೀಗ ಹಾಕಿಕೊಂಡಿರುತ್ತದೆ, ಆಂಬುಲೆನ್ಸ್ ಜಿಲ್ಲಾ ಕೇಂದ್ರದತ್ತ ಓಡುತ್ತದೆ. ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿಯ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಇದೆ. ಅದರಿಂದ ಕಟ್ಟಡ ಕಟ್ಟಿಸಬಹುದು, ಸಲಕರಣೆ ಕೊಡಿಸಬಹುದು, ವೈದ್ಯರ ಸಂಬಳ ಕೊಡಲಾಗದು. ಈ ನಿಧಿಯ ಕೆಲಸಗಳಿಗೆ ಉದ್ಘಾಟನೆಯ ಫಲಕ ಇರುತ್ತದೆ, ತುಂಬಿದ ಹುದ್ದೆಗೆ ಫಲಕವಿಲ್ಲ. ಆಸ್ಪತ್ರೆಗೆ ಯಂತ್ರ ಬಂದು ಅದನ್ನು ನಡೆಸುವ ತಂತ್ರಜ್ಞ ಬಾರದಿರುವುದಕ್ಕೆ ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ.

ಶಾಸಕರ ನಿಜವಾದ ಬಲ ಇರುವುದು ಅವರು ಅಧ್ಯಕ್ಷತೆ ವಹಿಸುವ ಸಭೆಗಳಲ್ಲಿ. ತಾಲ್ಲೂಕು ಮಟ್ಟದ ತ್ರೈಮಾಸಿಕ ಕೆಡಿಪಿ (ಅಭಿವೃದ್ಧಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲನಾ) ಸಭೆಯಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿ ಶಾಸಕರ ಮುಂದೆ ವರದಿ ಒಪ್ಪಿಸಬೇಕು. ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ನೇತೃತ್ವವೂ ಸ್ಥಳೀಯ ಶಾಸಕರದ್ದೇ; ಬಳಕೆದಾರರ ಶುಲ್ಕದಂಥ ಹಣವನ್ನು ಆಸ್ಪತ್ರೆಯ ಸಣ್ಣಪುಟ್ಟ ಅಗತ್ಯಗಳಿಗೆ ಹೇಗೆ ಬಳಸಬೇಕೆಂದು ತೀರ್ಮಾನಿಸುವುದು ಅಲ್ಲಿ. ಈ ಸಭೆಗಳಲ್ಲಿ ‘ಯಾಕೆ ಆಗಿಲ್ಲ’ ಎಂದು ಗದರಿಸುವ ಶಾಸಕರನ್ನು ಪತ್ರಿಕೆಗಳು ಮೆಚ್ಚುತ್ತವೆ, ಆದರೆ ಹಿಂದಿನ ಸಭೆಯ ಅನುಪಾಲನಾ ವರದಿಯನ್ನು, ಅಂದರೆ ಅಲ್ಲಿನ ತೀರ್ಮಾನಗಳಲ್ಲಿ ಎಷ್ಟು ಜಾರಿಯಾಗಿವೆ ಎಂಬ ವರದಿಯನ್ನು, ಓದಿಕೊಂಡು ಬರುವ ಶಾಸಕರಿಗೇ ಅಧಿಕಾರಿಗಳು ಅಂಜುವುದು. ಕಾಯಂ ತಜ್ಞರು ಸಿಗದಿದ್ದರೆ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಗುತ್ತಿಗೆಯ ಮೇಲೆ ನೇಮಿಸಲು ಪ್ರಸ್ತಾವ ಹೋಗಿದೆಯೇ, ಹೋಗಿದ್ದರೆ ಯಾವ ಮೇಜಿನ ಮೇಲಿದೆ, ಅಲ್ಲಿಯವರೆಗೆ ಪಕ್ಕದ ತಾಲ್ಲೂಕಿನ ತಜ್ಞರನ್ನು ವಾರದ ನಿಗದಿತ ದಿನಗಳಲ್ಲಿ ನಿಯೋಜಿಸಬಹುದೇ ಎಂದು ಕೇಳಿದಾಗ ಹಾರಿಕೆಯ ಉತ್ತರ ಕೊಡುವುದು ಕಷ್ಟ.

ಇಷ್ಟಕ್ಕೂ ಆಗದಿದ್ದರೆ ವಿಧಾನಸಭೆ ಇದೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯಪಟ್ಟಿಗೆ ಸೇರಿರುವುದರಿಂದ ಇದು ಸದನದ ಸ್ವಂತ ವಿಷಯ. ಚುಕ್ಕೆ ಗುರುತಿನ ಪ್ರಶ್ನೆಯಾಗಿ ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾದವೆಷ್ಟು, ವರ್ಷದಲ್ಲಿ ಬೇರೆ ಆಸ್ಪತ್ರೆಗೆ ಕಳುಹಿಸಿದ ಹೆರಿಗೆಗಳೆಷ್ಟು ಎಂದು ಕೇಳಿದರೆ ಸಚಿವರು ಸದನದಲ್ಲೇ ಉತ್ತರಿಸಬೇಕು, ಉಪಪ್ರಶ್ನೆಗಳನ್ನೂ ಎದುರಿಸಬೇಕು, ಮತ್ತು ಆ ಉತ್ತರ ದಾಖಲೆಯಾಗಿ ಉಳಿಯುತ್ತದೆ. ಕಾನೂನಿನ ಮೂಲಕ ಎಷ್ಟು ದೂರ ಹೋಗಬಹುದು ಎಂಬುದನ್ನು 2017ರಲ್ಲಿ ನೋಡಿದ್ದೇವೆ: ಖಾಸಗಿ ಆಸ್ಪತ್ರೆಗಳ ಮೇಲಿನ ನಿಯಂತ್ರಣ ಬಿಗಿಗೊಳಿಸಲು ತಂದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿ ಸದನ ಸಮಿತಿಯ ಪರಿಶೀಲನೆಗೆ ಹೋಗಿ, ನವೆಂಬರ್‌ನಲ್ಲಿ ರಾಜ್ಯದಾದ್ಯಂತ ಖಾಸಗಿ ವೈದ್ಯರ ಮುಷ್ಕರಕ್ಕೆ ಕಾರಣವಾಗಿ, ಕೊನೆಗೆ ಸಡಿಲಗೊಂಡ ರೂಪದಲ್ಲಿ ಅಂಗೀಕಾರವಾಯಿತು. ಸಡಿಲಗೊಂಡರೂ ರೋಗಿಗಳ ದೂರು ಕೇಳುವ ಜಿಲ್ಲಾ ಮಟ್ಟದ ಪ್ರಾಧಿಕಾರವೊಂದು ಅದರಿಂದ ಗಟ್ಟಿಯಾಯಿತು. ತಂದೆಯವರ ಚಿಕಿತ್ಸೆಯ ವೇಳೆ ಖಾಸಗಿ ಆಸ್ಪತ್ರೆಯೊಡನೆ ತಕರಾರಾದರೆ ಅಲ್ಲಿಗೆ ದೂರು ಕೊಡಬಹುದು.

ನಿಮ್ಮ ಶಾಸಕರನ್ನು ಕಾಣುವ ಮೊದಲು ತಾಲ್ಲೂಕು ಪಂಚಾಯಿತಿಯಿಂದ ಕಳೆದ ಎರಡು ಮೂರು ಕೆಡಿಪಿ ಸಭೆಗಳ ನಡಾವಳಿಯ ಪ್ರತಿ ತರಿಸಿಕೊಳ್ಳಿ. ಕೇಳಿದರೆ ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ ಶುಲ್ಕ, 30 ದಿನಗಳ ಗಡುವು. ಅರಿವಳಿಕೆ ತಜ್ಞರ ಹುದ್ದೆ ಆ ನಡಾವಳಿಯಲ್ಲಿ ಪ್ರಸ್ತಾಪವೇ ಆಗಿಲ್ಲದಿದ್ದರೆ ಮುಂದಿನ ಸಭೆಯ ವಿಷಯಪಟ್ಟಿಗೆ ಸೇರಿಸಲು ಲಿಖಿತವಾಗಿ ಕೋರಿ. ಪ್ರಸ್ತಾಪವಾಗಿ ಪ್ರತಿ ಸಭೆಯಲ್ಲೂ ಒಂದೇ ಉತ್ತರ ಬಂದಿದ್ದರೆ ಆ ಪುಟಗಳನ್ನೇ ಶಾಸಕರ ಮುಂದಿಟ್ಟು, ಬರುವ ಅಧಿವೇಶನದಲ್ಲಿ ಪ್ರಶ್ನೆ ಹಾಕುವಿರಾ ಎಂದು ಕೇಳಿ.