ಐಸಿಯು ಬಿಟ್ಟು ಹೋಗದ ರೋಗಾಣು

ಪ್ರಶ್ನೆ: ಡಾಕ್ಟರೇ, ಜಮಖಂಡಿಯ ಸಣ್ಣ ದವಾಖಾನೆಯೊಂದರಲ್ಲಿ ನರ್ಸ್ ಆಗಿದ್ದೇನೆ. ಆರು ಹಾಸಿಗೆಯ ಐಸಿಯುನಲ್ಲಿ ಒಂದೇ ತಿಂಗಳಲ್ಲಿ ಮೂವರ ಕಲ್ಚರ್ (ರೋಗಾಣು ಬೆಳೆಸಿ ಗುರುತಿಸುವ ಪರೀಕ್ಷೆ) ವರದಿಯಲ್ಲಿ ಬಹುತೇಕ ಆ್ಯಂಟಿಬಯೋಟಿಕ್‌ಗಳಿಗೆ ಜಗ್ಗದ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಕಂಡಿದೆ. ದಿನಕ್ಕೆರಡು ಸಲ ಬ್ಲೀಚ್ ಹಾಕಿ ನೆಲ ಒರೆಸುತ್ತೇವೆ. ಎಸಿ ಗಾಳಿಯಿಂದ ಬರುತ್ತಿದೆಯೇ?

ಉತ್ತರ: ಎಸಿ ಆಮೇಲೆ ನೋಡೋಣ, ಮೊದಲು ಸಿಂಕ್ ನೋಡಿ. ಉಳಿದ ಚಹಾ, ಗ್ಲೂಕೋಸ್ ಸಲೈನ್, ಕಫ ಎಳೆಯುವ ಸಕ್ಷನ್‌ನ ನೀರು ಎಲ್ಲ ಅದಕ್ಕೇ ಸುರಿಯುತ್ತಿದ್ದರೆ ಕೆಳಗಿನ ಬಾಗಿದ ಪೈಪಿನಲ್ಲಿ ಲೋಳೆ ಕಟ್ಟಿ ಕ್ಲೆಬ್ಸಿಯೆಲ್ಲಾ ಅಲ್ಲೇ ಬೀಡುಬಿಡುತ್ತದೆ. ಬ್ಲೀಚ್ ಸುರಿದರೂ ಕೆಲವೇ ದಿನಗಳಲ್ಲಿ ಮತ್ತೆ ಬೆಳೆಯುತ್ತದೆ. ನಳದ ಧಾರೆ ನೇರ ರಂಧ್ರಕ್ಕೆ ಬಿದ್ದರೆ ಹನಿಗಳು ಸುಮಾರು 1 ಮೀಟರ್‌ವರೆಗೂ ಸಿಡಿಯುತ್ತವೆ. ಇಂಜೆಕ್ಷನ್ ತಯಾರಿಸುವ ಟ್ರೇ ಆ ಪಕ್ಕದಲ್ಲಿದ್ದರೆ ಇವತ್ತೇ ಸರಿಸಿ. ಆ ಸಿಂಕ್ ಕೈ ತೊಳೆಯಲು ಮಾತ್ರ ಇರಲಿ.

ಇನ್ನು ಬ್ಲೀಚ್. ಶೇ 5ರ ಹೈಪೋಕ್ಲೋರೈಟ್ (ಕ್ಯಾನಿನಲ್ಲಿ ಬರುವ ಬ್ಲೀಚ್ ದ್ರಾವಣ) 1 ಪಾಲಿಗೆ 49 ಪಾಲು ನೀರು. ರಕ್ತ ಚೆಲ್ಲಿದಲ್ಲಿ 9 ಪಾಲು ನೀರು ಮಾತ್ರ. ಕೊಳೆಯ ಮೇಲೆ ಹಾಕಿದರೆ ಕ್ಲೋರಿನ್ ಆ ಕೊಳೆಗೇ ಖರ್ಚಾಗುತ್ತದೆ, ಹಾಗಾಗಿ ಮೊದಲು ಸೋಪು ನೀರಿನಿಂದ ಒರೆಸಿ, ಬಳಿಕ ಬ್ಲೀಚ್ ಸವರಿ 10 ನಿಮಿಷ ಒದ್ದೆಯಾಗಿರಲು ಬಿಡಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಕಿಟಕಿ ಪಕ್ಕದ ಕ್ಯಾನಿನಲ್ಲಿ ವಾಸನೆ ಇದ್ದರೂ ಬಲ ಇಳಿದಿರುತ್ತದೆ. ಕ್ಯಾನನ್ನು ತಂಪು, ಕತ್ತಲ ಜಾಗದಲ್ಲಿಡಿ, ನೀರು ಬೆರೆಸಿದ್ದನ್ನು ಅಂದಂದೇ ಮುಗಿಸಿ.

ನೆಲಕ್ಕಿಂತ ಹೆಚ್ಚು ಕೈ ತಾಗುವುದು ಬೆಡ್ ರೇಲ್, ಮಾನಿಟರ್ ಗುಂಡಿ, ಬಿಪಿ ಪಟ್ಟಿಗೆ. ಪ್ರತಿ ಪಾಳಿಯಲ್ಲೂ ಇವನ್ನು ಒರೆಸಿ. ಯಂತ್ರಗಳಿಗೆ ಬ್ಲೀಚ್ ಬೇಡ, ತಯಾರಕರು ಒಪ್ಪಿದ್ದರೆ ಶೇ 70ರ ಆಲ್ಕೋಹಾಲ್ ಬಳಸಿ. ಆ ಮೂವರನ್ನು ಒಂದೇ ಕಡೆ ಮಲಗಿಸಿ, ಅವರಿಗೇ ಬೇರೆ ಸ್ಟೆತಸ್ಕೋಪ್, ಸಾಧ್ಯವಾದರೆ ಬೇರೆ ನರ್ಸ್. ಒಂದೇ ಗ್ಲೌಸ್‌ನಲ್ಲಿ ಇಬ್ಬರನ್ನು ಮುಟ್ಟುವುದು ಬರಿಗೈಯಷ್ಟೇ ಅಪಾಯ. ಗ್ಲೌಸ್ ತೆಗೆದ ಮೇಲೂ ಅಂಗೈ ತುಂಬ ಹ್ಯಾಂಡ್‌ರಬ್ ಹಾಕಿಕೊಂಡು 20–30 ಸೆಕೆಂಡ್ ಉಜ್ಜಲೇಬೇಕು. ಹೆಬ್ಬೆರಳು, ಉಗುರ ತುದಿ ತಪ್ಪಿಹೋಗುವುದೇ ಹೆಚ್ಚು. ಮೂತ್ರದ ನಳಿಕೆ ಇನ್ನೂ ಬೇಕೇ ಎಂದು ರೌಂಡ್ಸ್‌ನಲ್ಲಿ ದಿನಾ ಕೇಳಿ. ಕೇಳಲು ಸಂಕೋಚಪಡಬೇಡಿ, ಅದು ನಿಮ್ಮ ಕೆಲಸವೇ.

ಪ್ರಶ್ನೆ: ಇಂಥದೇ ರೋಗಾಣು ಇದ್ದ ನಮ್ಮ ಮಾವನವರನ್ನು ಮನೆಗೆ ಕಳಿಸಿದ್ದಾರೆ. ಮೊಮ್ಮಕ್ಕಳನ್ನು ದೂರ ಇಡಬೇಕೇ? (ಇಂಡಿ)

ಉತ್ತರ: ಬೇಡ. ಆರೋಗ್ಯವಂತ ಮಕ್ಕಳಿಗೆ ಅಪಾಯ ಕಡಿಮೆ. ಆಡಿ ಬಂದು ಕೈ ತೊಳೆದರಾಯಿತು. ಮಾವನವರ ಟವೆಲ್ ಬೇರೆ ಇರಲಿ. ಮೂತ್ರದ ಚೀಲ ಇದ್ದರೆ ಸೊಂಟಕ್ಕಿಂತ ಕೆಳಗೆ, ನೆಲಕ್ಕೆ ತಾಗದಂತೆ ತೂಗಿಬಿಡಿ. ಖಾಲಿ ಮಾಡುವ ಮೊದಲೂ ಆಮೇಲೂ ಸೋಪಿನಿಂದ ಕೈ ತೊಳೆಯಿರಿ. ಮುಂದೆ ಯಾವ ದವಾಖಾನೆಗೆ ಹೋದರೂ ಆ ಕಲ್ಚರ್ ವರದಿ ಬಾಗಿಲಲ್ಲೇ ತೋರಿಸಿ.