ಗ್ರಾಂಶಿ ಓದು ಬಿಟ್ಟಿದ್ದು ಯಾಕೆ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಇಟಲಿಯ ಚಿಂತಕ ಅಂಟೋನಿಯೊ ಗ್ರಾಂಶಿ ‘ಪದವಿ ಮುಗಿಸದೆ ಹೋರಾಟಕ್ಕೆ ಇಳಿದರು’ ಎಂದು ಬರೆದಿದ್ದೀರಿ. ಅದನ್ನೇ ತೋರಿಸಿ ನನ್ನ ಬಿ.ಎ. ವಿದ್ಯಾರ್ಥಿಯೊಬ್ಬ ‘ನಾನೂ ಕಾಲೇಜು ಬಿಡ್ತೀನಿ ಮೇಡಂ’ ಅನ್ನುತ್ತಿದ್ದಾನೆ. ಅವನಿಗೆ ಏನು ಹೇಳಲಿ?
– ಒಬ್ಬ ಅಧ್ಯಾಪಕಿ

ಸಂಪಾದಕರ ಉತ್ತರ:

ಮೇಡಂ, ನಿಮ್ಮ ಪತ್ರ ಓದಿ ಕಸಿವಿಸಿಯಾಯಿತು. ಆ ಸಾಲು ಸುಳ್ಳಲ್ಲ. ಆದರೆ ಅಷ್ಟೇ ಹೇಳಿ ಸುಮ್ನಾಗಿದ್ದು ನಮ್ಮ ತಪ್ಪು. ಉಳಿದದ್ದನ್ನು ಈಗ ಹೇಳುತ್ತೇನೆ.

ಗ್ರಾಂಶಿ ಹುಟ್ಟಿದ್ದು 1891ರಲ್ಲಿ, ಸಾರ್ಡೀನಿಯಾ ದ್ವೀಪದಲ್ಲಿ. ಏಳು ಮಕ್ಕಳಲ್ಲಿ ನಾಲ್ಕನೆಯವನು. ಎಳವೆಯಲ್ಲೇ ಬೆನ್ನುಮೂಳೆ ಬಾಗಿ ಗೂನು ಬಂತು, ಮೈ ಬೆಳೆಯಲಿಲ್ಲ. ಅಪ್ಪನಿಗೆ ಸರ್ಕಾರಿ ನೌಕರಿ ಇತ್ತು. 1898ರಲ್ಲಿ ಹಣ ದುರುಪಯೋಗದ ಆರೋಪದ ಮೇಲೆ ಅವರು ಜೈಲು ಸೇರಿದರು. ಅಮ್ಮ ಬಟ್ಟೆ ಹೊಲಿದು ಮನೆ ನಡೆಸಬೇಕಾಯಿತು.

ಚೆನ್ನಾಗಿ ಓದುತ್ತಿದ್ದ ಹುಡುಗ ಪ್ರಾಥಮಿಕ ಶಾಲೆ ಮುಗಿಸಿ ಗಿಲಾರ್ಜಾ ಊರಿನ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ. ಆಗ ಅವನಿಗೆ 11 ವರ್ಷ. ದಿನಕ್ಕೆ 10 ಗಂಟೆ ಕೆಲಸ, ಭಾನುವಾರ ಬೆಳಿಗ್ಗೆಯೂ ಬಿಡುವಿಲ್ಲ. ತಿಂಗಳಿಗೆ 9 ಲಿರಾ ಸಂಬಳ. ಅದು ದಿನಕ್ಕೆ ಒಂದು ಕಿಲೋ ಬ್ರೆಡ್ಡಿಗೆ ಸಾಲುತ್ತಿತ್ತು, ಅಷ್ಟೇ. ಕೆಲಸ ಅಂದರೆ ತನಗಿಂತ ಭಾರವಾದ ರಿಜಿಸ್ಟರುಗಳನ್ನು ಎತ್ತಿಡುವುದು. ಮೈಯೆಲ್ಲ ನೋಯುತ್ತಿತ್ತು, ಎಷ್ಟೋ ರಾತ್ರಿ ಯಾರಿಗೂ ಕಾಣದ ಹಾಗೆ ಅಳುತ್ತಿದ್ದೆ ಎಂದು ಮೂವತ್ತು ವರ್ಷದ ಮೇಲೆ, 1932ರಲ್ಲಿ, ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಜೈಲಿನಿಂದ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾರೆ. ಗೂನುಬೆನ್ನಿನ ಮಗು, ಆ ದಪ್ಪ ದಪ್ಪ ರಿಜಿಸ್ಟರುಗಳು. ಈ ಪತ್ರದ ಮುಂದೆ ನಾನು ಪ್ರತಿ ಸಲವೂ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಅಪ್ಪ ಬಿಡುಗಡೆಯಾದ ಮೇಲೆ ಮತ್ತೆ ಶಾಲೆ. ಆಮೇಲೆ ಕಾಲ್ಯಾರಿ ಪಟ್ಟಣದಲ್ಲಿ ಅಣ್ಣನ ಜೊತೆ ಇದ್ದುಕೊಂಡು ಓದು. 1911ರಲ್ಲಿ ಬಡ ವಿದ್ಯಾರ್ಥಿಗಳಿಗೆ ಮೀಸಲಾದ ಸ್ಕಾಲರ್‌ಶಿಪ್ ಗೆದ್ದು ಟ್ಯೂರಿನ್ ವಿಶ್ವವಿದ್ಯಾಲಯಕ್ಕೆ ಹೋದರು. ತಿಂಗಳಿಗೆ 70 ಲಿರಾ ಬರುತ್ತಿತ್ತು. ಬಾಡಿಗೆ, ಊಟ ಎರಡೂ ಅದರಲ್ಲೇ ಆಗಬೇಕು. ಟ್ಯೂರಿನ್ನಿನ ಚಳಿಗಾಲದಲ್ಲಿ ಮೈಮೇಲೆ ಒಂದು ಓವರ್‌ಕೋಟು ಇರಲಿಲ್ಲ.

ಅಂಥ ಸ್ಥಿತಿಯಲ್ಲೂ ಎಂಥ ವಿದ್ಯಾರ್ಥಿ! ಭಾಷಾಶಾಸ್ತ್ರದ ಮೇಷ್ಟ್ರು ಮತ್ತೆಯೊ ಬಾರ್ತೊಲಿಗೆ ಈ ಹುಡುಗನ ಮೇಲೆ ತುಂಬಾ ನಂಬಿಕೆ. ಅವರಿಗೆ ಬೇಕಾದ ಸಾರ್ಡೀನಿಯಾದ ಮಾತುಗಳನ್ನು ಗ್ರಾಂಶಿ ಮನೆಗೆ ಪತ್ರ ಬರೆದು ವಿಚಾರಿಸುತ್ತಿದ್ದರು. ಊರಿನವರ ಬಾಯಲ್ಲಿರುವ ಮಾತು ವಿಶ್ವವಿದ್ಯಾಲಯದಲ್ಲಿ ವಿದ್ಯೆಯಾಗುವುದನ್ನು ಅವರು ಅಲ್ಲೇ ಕಂಡರು. 1927ರಲ್ಲಿ ಜೈಲಿನಿಂದ ತಂಗಿಗೆ ಬರೆಯುವಾಗಲೂ ಅವರಿಗೆ ಇದೇ ಚಿಂತೆ. ನಿನ್ನ ಮಗ ಸಾರ್ಡೀನಿಯಾದ ಮಾತಾಡಲಿ, ತಡೆಯಬೇಡ ಅಂದರು.

1915ರಲ್ಲಿ ಓದು ನಿಂತಿತು. ಕಾಸಿರಲಿಲ್ಲ, ಆರೋಗ್ಯ ಕೆಟ್ಟಿತ್ತು. ಸಮಾಜವಾದಿ ಪತ್ರಿಕೆಗಳ ಕೆಲಸ ಕರೆಯುತ್ತಿತ್ತು, ಅದೂ ನಿಜ. ಆದರೆ ಓದು ದಂಡ ಅಂತ ಅವರು ಯಾವತ್ತೂ ಅಂದುಕೊಳ್ಳಲಿಲ್ಲ. ಜೈಲಿನ ನೋಟುಪುಸ್ತಕಗಳಲ್ಲಿ ಅವರು ಬರೆದದ್ದು ಇದಕ್ಕೆ ಉಲ್ಟಾ. ಓದೂ ಒಂದು ದುಡಿಮೆಯೇ, ಅದಕ್ಕೆ ಮೈಯನ್ನೂ ಪಳಗಿಸಬೇಕು. ಓದಿದವರ ಮನೆಯ ಮಕ್ಕಳಿಗೆ ಆ ಅಭ್ಯಾಸ ಮನೆಯಲ್ಲೇ ಆಗಿರುತ್ತದೆ, ಉಳಿದ ಮಕ್ಕಳಿಗೆ ಕಷ್ಟ ಜಾಸ್ತಿ. ಹಾಗಂತ ಅವರಿಗೆ ಕೊಡುವ ಪಾಠವನ್ನು ತೆಳುಗೊಳಿಸುವುದು ಬೇಡ. ಇದು ಅವರ ವಾದ. ರಿಜಿಸ್ಟರು ಹೊತ್ತವನು ಹೇಳುವ ಮಾತು ಇದು, ಅಲ್ವಾ?

ನಿಮ್ಮ ಹುಡುಗನಿಗೆ ಇದಿಷ್ಟನ್ನೂ ಹೇಳಿ. ಆದರೆ ಅದಕ್ಕೂ ಮೊದಲು ಅವನನ್ನು ಒಬ್ಬನೇ ಕೂರಿಸಿಕೊಂಡು ಕೇಳಿ: ಫೀಸ್ ಕಟ್ಟೋಕೆ ಕಷ್ಟವಾಗ್ತಿದೆಯಾ? ಮಧ್ಯಾಹ್ನ ಊಟ ಮಾಡ್ತಿದ್ದೀಯಾ?