ಪ್ರತಿಹೈಡ್ರೋಜನ್‌ನ ರೋಹಿತದಲ್ಲಿ ವ್ಯತ್ಯಾಸ ಸಿಕ್ಕಿದೆಯೇ?

ಪ್ರಶ್ನೆ: ಹೈಡ್ರೋಜನ್‌ನ 1ಎಸ್–2ಎಸ್ ಜಿಗಿತದ (ಅತ್ಯಂತ ಕೆಳಗಿನ 1ಎಸ್ ಶಕ್ತಿಮಟ್ಟದಿಂದ 2ಎಸ್ ಮಟ್ಟಕ್ಕೇರುವ) ಆವೃತ್ತಿ 2466061413187 ಕಿಲೋಹರ್ಟ್ಸ್ ಎಂದು ಓದಿದ್ದೇನೆ. ಯುರೋಪಿನ ಕಣಭೌತವಿಜ್ಞಾನ ಪ್ರಯೋಗಾಲಯವಾದ ಸರ್ನ್‌ನ ಆಲ್ಫಾ ತಂಡ 2018ರಲ್ಲಿ ಪ್ರತಿಹೈಡ್ರೋಜನ್‌ಗೆ (ಪ್ರತಿಪ್ರೋಟಾನ್ ಮತ್ತು ಪಾಸಿಟ್ರಾನ್‌ಗಳಿಂದಾದ, ಹೈಡ್ರೋಜನ್‌ನ ಪ್ರತಿದ್ರವ್ಯ ರೂಪ) ಕೊಟ್ಟ ಬೆಲೆ 2466061103079. ವಿದ್ಯುದಂಶದ ಚಿಹ್ನೆ, ಎಡ-ಬಲ, ಕಾಲದ ದಿಕ್ಕು ಈ ಮೂರನ್ನೂ ಒಟ್ಟಿಗೆ ತಿರುಗಿಸಿದರೆ ನಿಯಮಗಳು ಬದಲಾಗವು, ಹಾಗಾಗಿ ಎರಡರ ಆವೃತ್ತಿಯೂ ಒಂದೇ ಇರಬೇಕು ಎನ್ನುವ ಸಿಪಿಟಿ ಸಮ್ಮಿತಿ ಮುರಿದಂತಾಯಿತಲ್ಲವೇ?

ಉತ್ತರ: ಇಲ್ಲ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ‘ವಿಜ್ಞಾನಿಗಳು ಮುಚ್ಚಿಟ್ಟ ಸತ್ಯ’ ಎಂದು ಸಾರುವವರಿಂದಾಗಿ ಇದೇ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಿದೆ; ಆದ್ದರಿಂದ ಲೆಕ್ಕವನ್ನೇ ಬಿಡಿಸಿ ತೋರಿಸುತ್ತೇನೆ. ಮೊದಲನೆಯದು ಸ್ಪಿನ್‌ಗಳ (ಕಣಗಳನ್ನು ಪುಟ್ಟ ಕಾಂತಗಳಂತೆ ಮಾಡುವ ಗುಣ) ಪರಸ್ಪರ ಪ್ರಭಾವವನ್ನು ಕಳೆದು, ಕಾಂತಕ್ಷೇತ್ರವಿಲ್ಲದ ಸ್ಥಿತಿಗೆ ಹೇಳಿದ ಬೆಲೆ. ಎರಡನೆಯದನ್ನು ಸುಮಾರು 1 ಟೆಸ್ಲಾ ಕಾಂತಕ್ಷೇತ್ರವಿರುವ ಬಲೆಯೊಳಗೆ, ಪಾಸಿಟ್ರಾನ್ ಮತ್ತು ಪ್ರತಿಪ್ರೋಟಾನ್‌ಗಳ ಸ್ಪಿನ್ ಒಂದು ನಿರ್ದಿಷ್ಟ ಜೋಡಣೆಯಲ್ಲಿರುವ ಪರಮಾಣುಗಳಲ್ಲಿ ಅಳೆದರು. ಹೈಡ್ರೋಜನ್‌ನಲ್ಲಿ ಸ್ಪಿನ್‌ಗಳಿಂದಾಗುವ ಸೀಳು, ಅಂದರೆ ಒಂದೇ ಮಟ್ಟ ಒಡೆದು ಉಂಟಾಗುವ ಅಂತರ, 1ಎಸ್ ಮಟ್ಟದಲ್ಲಿ 1420 ಮೆಗಾಹರ್ಟ್ಸ್, 2ಎಸ್ ಮಟ್ಟದಲ್ಲಿ ಸುಮಾರು 178. ಈ ಜೋಡಣೆಯಲ್ಲಿ ಪ್ರತಿ ಮಟ್ಟವೂ ತನ್ನ ಸೀಳಿನ ಕಾಲು ಭಾಗದಷ್ಟು ಮೇಲೇರುತ್ತದೆ: ಕೆಳಗಿನದು 355.1, ಮೇಲಿನದು 44.4. ಹಾಗಾಗಿ ನಡುವಿನ ಅಂತರ 310.7 ಮೆಗಾಹರ್ಟ್ಸ್ ಕುಗ್ಗುತ್ತದೆ. ಕಾಂತಕ್ಷೇತ್ರ ಆ ಅಂತರವನ್ನು ಸುಮಾರು 0.6 ಹಿಗ್ಗಿಸುತ್ತದೆ; ಉಳಿಯುವ ಇಳಿಕೆ 310.1 ಮೆಗಾಹರ್ಟ್ಸ್. ನೀವು ಕಂಡ ವ್ಯತ್ಯಾಸವೆಲ್ಲ ಇಷ್ಟೇ.

ಹೋಲಿಸಬೇಕಾದದ್ದು ಅದೇ ಸ್ಥಿತಿಯಲ್ಲಿ, ಅದೇ ಕಾಂತಕ್ಷೇತ್ರದಲ್ಲಿರುವ ಹೈಡ್ರೋಜನ್‌ನೊಂದಿಗೆ. ಅದರ ಲೆಕ್ಕದ ಬೆಲೆಯ ಕೊನೆಯ ಅಂಕಿಗಳು 103080.3, ಅಳತೆಯವು 103079.4, ಅಳತೆಯ ಅನಿಶ್ಚಿತತೆ 5.4 ಕಿಲೋಹರ್ಟ್ಸ್. ಲೇಸರ್‌ಗೆ ಸಿಕ್ಕಿ ಬಲೆಯಿಂದ ಹೊರಬಿದ್ದ ಒಂದೊಂದು ಪರಮಾಣು ಗೋಡೆಗೆ ತಾಗಿ ಅಳಿಯುವಾಗ ಚಿಮ್ಮುವ ಪಯಾನ್ ಎಂಬ ಕಣಗಳನ್ನು ಎಣಿಸಿ ಪಡೆದ ಸಂಖ್ಯೆ ಇದು ಎಂಬುದನ್ನು ನೆನೆದರೆ ನನಗೆ ಈಗಲೂ ರೋಮಾಂಚನವಾಗುತ್ತದೆ. ಹಾಗೆಂದು ‘ಸಿಪಿಟಿ ಸಾಬೀತಾಯಿತು’ ಎಂದೂ ದಯವಿಟ್ಟು ಬರೆಯಬೇಡಿ. ಎರಡು ಲಕ್ಷ ಕೋಟಿಯಲ್ಲಿ ಸುಮಾರು ನಾಲ್ಕರಷ್ಟು ಅನಿಶ್ಚಿತತೆಯೊಳಗೆ ಭೇದ ಕಾಣಲಿಲ್ಲ ಎಂಬುದಷ್ಟೇ ನಮಗೆ ತಿಳಿದಿರುವುದು. ಸಾಮಾನ್ಯ ಹೈಡ್ರೋಜನ್‌ನ ಅಳತೆ ಇದಕ್ಕಿಂತ ನೂರಾರು ಪಟ್ಟು ನಿಖರವಾಗಿದೆ, ಭೇದವೇನಾದರೂ ಇದ್ದರೆ ಆ ಅಂತರದಲ್ಲಿ ಅಡಗಿರಬಹುದು.

ಪ್ರಶ್ನೆ: ವಿದ್ಯುದಂಶದ ಚಿಹ್ನೆ ಮತ್ತು ಎಡ-ಬಲ ಎರಡನ್ನು ಮಾತ್ರ ತಿರುಗಿಸುವ ಸಿಪಿ ಸಮ್ಮಿತಿ 1964ರಲ್ಲೇ ಮುರಿದಿತ್ತಲ್ಲ, ಮತ್ತೆ ಪರೀಕ್ಷೆ ಏಕೆ?

ಉತ್ತರ: ಸಿಪಿ ಮುರಿದರೂ ಕಾಲದ ದಿಕ್ಕನ್ನು ಕೂಡಿಸಿಕೊಂಡ ಸಿಪಿಟಿ ಉಳಿಯಬಲ್ಲದು, ಇಲ್ಲಿ ಪರೀಕ್ಷೆಗೆ ಒಡ್ಡಿರುವುದು ಅದನ್ನು.

ಪ್ರಶ್ನೆ: ಪ್ರತಿದ್ರವ್ಯ ಮೇಲಕ್ಕೆ ಬೀಳುತ್ತದೆಯೇ?

ಉತ್ತರ: ಕೆಳಕ್ಕೇ ಬೀಳುತ್ತದೆಂದು 2023ರಲ್ಲಿ ಆಲ್ಫಾ ತಂಡವೇ ತೋರಿಸಿತು.

ಪ್ರಶ್ನೆ: ಪ್ರತಿದ್ರವ್ಯದ ಶಕ್ತಿ ತುಂಬಿದ ಪದಕ ಧರಿಸಿದರೆ ಆರೋಗ್ಯಕ್ಕೆ ಒಳ್ಳೆಯದೇ?

ಉತ್ತರ: ಪ್ರತಿದ್ರವ್ಯ ಲೋಹಕ್ಕೆ ತಾಗಿದ ಕ್ಷಣವೇ ಅಳಿದುಹೋಗುತ್ತದೆ, ಪದಕದೊಳಗೆ ಉಳಿಯುವುದು ಸಾಧ್ಯವೇ ಇಲ್ಲ; ಅದನ್ನು ಮಾರುವವನು ವಂಚಕ, ಅವನಿಗೆ ಹಣ ಕೊಡಬೇಡಿ.